ಮಹದೇವಯ್ಯನ ಕರಡಿಗೆ

ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ದಾರಿಯಲ್ಲಿ ಮಠದವರು ದಿಕ್ಕಿಲ್ಲದ ಮುದುಕರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದರು. ಚಿಕ್ಕರಸಿನಕೆರೆಯ ಚಿಕ್ಕನಂಜಮ್ಮ ಗಂಡ ತೀರಿಕೊಂಡ ಮೇಲೆ ಅಲ್ಲಿಗೆ ಅಡಿಗೆಗೆಂದು ಬಂದವಳು, ಬರಬರುತ್ತ ಎಲ್ಲರಿಗೂ ಕೈಕಾಲಾದಳು. ಹಲ್ಲಿಲ್ಲದವರಿಗೆ ಅಂಬಲಿ ಕಾಯಿಸುವುದು, ಹಾಸಿಗೆ ಹಿಡಿದವರನ್ನು ಹೊರಳಿಸಿ ಬೆನ್ನಿಗೆ ಎಣ್ಣೆ ಹಚ್ಚುವುದು, ಕಣ್ಣು ಕಾಣದವರನ್ನು ಪೂಜೆಗೆ ಕೂರಿಸುವುದು ಅವಳ ಪಾಲು. ಮರೆವಿನ ಪುಟ್ಟಸ್ವಾಮಿಗೆ ದಿನಾ ಬೆಳಿಗ್ಗೆ ಅವನ ಹೆಸರನ್ನೂ ಊರನ್ನೂ ಹೇಳಿಕೊಡುವವಳೂ ಅವಳೇ.

ನಲವತ್ತೆರಡನೆಯ ಇಸವಿಯ ಬೇಸಗೆ. ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೂಲಿ ಮಾಡಿ ಮುದುಕನಾಗಿದ್ದ ಮಹದೇವಯ್ಯನಿಗೆ ಭೇದಿ ಹತ್ತಿತ್ತು. ಗಳಿಗೆಗೊಮ್ಮೆ ನೀರು ಕುಡಿಸದಿದ್ದರೆ ಜೀವ ನಿಲ್ಲದೆಂದು ಡಾಕ್ಟರು ಹೇಳಿ ಹೋಗಿದ್ದರು. ಮರುದಿನ ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ಕೂರಿಸಿದ್ದ ಮಹದೇವಯ್ಯನನ್ನು ಪುಟ್ಟಸ್ವಾಮಿ ಹಿಂದಿನಿಂದ ಹಿಡಿದುಕೊಂಡಿದ್ದ. ಚಿಕ್ಕನಂಜಮ್ಮ ಮೈ ತೊಳೆಯುತ್ತಿದ್ದಳು. ಆಗ ಮುದುಕನ ಕೊರಳ ಶಿವದಾರ ಹರಿಯಿತು. ಇಷ್ಟಲಿಂಗವಿದ್ದ ಕರಡಿಗೆಯನ್ನು ಅವಳು ಅವಸರದಲ್ಲಿ ಬಚ್ಚಲ ಕಟ್ಟೆಯ ಮೇಲಿಟ್ಟಳು. ಮುದುಕನನ್ನು ಮಲಗಿಸಿ ಬಂದು ನೋಡಿದರೆ ಕರಡಿಗೆ ಇಲ್ಲ.

ಲೋಟ ಹಿಡಿದರೆ ಮಹದೇವಯ್ಯ ಮುಖ ತಿರುಗಿಸಿದ.

"ಬ್ಯಾಡ ಕಣವ್ವ. ಲಿಂಗ ಇಲ್ದೆ ನೀರು ಮುಟ್ಟಾಕಿಲ್ಲ."

ಹೊಸ ಲಿಂಗ ಕಟ್ಟಬೇಕಾದ ಸ್ವಾಮಿಗಳು ಮದ್ದೂರಿನ ಕಡೆ ಹೋಗಿದ್ದರು. ನಾಳೆ ಸಂಜೆಯವರೆಗೆ ಬರುವಂತಿರಲಿಲ್ಲ. ಚಿಕ್ಕನಂಜಮ್ಮ ಒಲೆಯ ಬೂದಿ ಕೆದಕಿದಳು, ಮೋರಿಯ ಕೆಸರು ಬಾಚಿದಳು, ಕೆರೆಗೆ ಹೋಗಿದ್ದ ಬಟ್ಟೆಯ ಗಂಟನ್ನು ತರಿಸಿ ಒದರಿದಳು. ಮನೆಯ ಉಸ್ತುವಾರಿ ನೋಡುತ್ತಿದ್ದ ಪಾರುಪತ್ತೆಗಾರ ಶಿವಣ್ಣ ಪುಟ್ಟಸ್ವಾಮಿಯನ್ನು ಗದರಿಸಿ ಕೇಳಿದ. ತಾನು ಬಚ್ಚಲ ಕಡೆಗೇ ಹೋಗಿಲ್ಲವೆಂದು ಪುಟ್ಟಸ್ವಾಮಿ ಅತ್ತುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಮಹದೇವಯ್ಯನ ಕಣ್ಣು ಗುಳಿಬಿದ್ದು ತುಟಿ ಒಡೆದಿತ್ತು. ಬಾಯಿ ಬಿಡಿಸಿ ನೀರು ಹುಯ್ಯೋಣವೆಂದ ಶಿವಣ್ಣ.

ಚಿಕ್ಕನಂಜಮ್ಮ ಒಪ್ಪಲಿಲ್ಲ. ಕೇಳಿದರೆ ಪುಟ್ಟಸ್ವಾಮಿಗೆ ಏನೂ ನೆನಪಾಗದು. ಆದರೆ ಪಂಚೆ ಕೈಗೆ ಕೊಟ್ಟರೆ ತಾನೇ ಉಡುತ್ತಾನೆ, ವಿಭೂತಿ ಕೊಟ್ಟರೆ ತಾನೇ ಬಳಿದುಕೊಳ್ಳುತ್ತಾನೆ. ಅವಳಿಗದು ಗೊತ್ತು. ಅವನ ಕೈ ಹಿಡಿದು ಬಚ್ಚಲಿಗೆ ಕರೆತಂದಳು. ಕಲ್ಲಿನ ಮೇಲೆ ತಾನೇ ಕುಳಿತು, ಅಲ್ಲೇ ಬಿದ್ದಿದ್ದ ಹರಿದ ದಾರದ ತುಂಡಿಗೆ ಒಂದು ಅಡಿಕೆ ಕಟ್ಟಿ ಕಟ್ಟೆಯ ಮೇಲಿಟ್ಟಳು.

"ಬುಡಬ್ಯಾಡಿ ಪುಟ್ಟಸ್ವಾಮಣ್ಣ, ಗಟ್ಟಿಯಾಗಿ ಇಡ್ಕಳಿ," ಎಂದು ಬೆಳಗಿನ ಮಾತನ್ನೇ ಆಡಿ, ತನ್ನ ಕಾಲಿಗೆ ಒಂದು ಚೊಂಬು ನೀರು ಹುಯ್ದುಕೊಂಡಳು.

ಪುಟ್ಟಸ್ವಾಮಿ ಅವಳ ಭುಜ ಹಿಡಿದು ನಿಂತ. ಬಹಳ ಹೊತ್ತು ಏನೂ ಆಗಲಿಲ್ಲ. ಬಾಗಿಲಲ್ಲಿದ್ದ ಶಿವಣ್ಣ ಇನ್ನೇನು ಬಾಯಿ ತೆರೆಯಬೇಕು, ಪುಟ್ಟಸ್ವಾಮಿಯ ಕಣ್ಣು ಕಟ್ಟೆಯ ಮೇಲೆ ಬಿತ್ತು.

"ಮೈಲಿಗೆ ನೀರು ಸಿಡಿಯೋ ಕಡೆ ಲಿಂಗ ಮಡಗ್ತಾರೇನವ್ವ?" ಎಂದು ಗೊಣಗುತ್ತ ಅಡಿಕೆಯನ್ನೆತ್ತಿ ಕಣ್ಣಿಗೊತ್ತಿಕೊಂಡು, ತಲೆಯ ರುಮಾಲಿನ ಮಡಿಕೆಯೊಳಗೆ ಸೇರಿಸಿದ. ಚಿಕ್ಕನಂಜಮ್ಮ ರುಮಾಲನ್ನು ಬಿಚ್ಚಿದಳು. ಅಡಿಕೆಯ ಪಕ್ಕದಲ್ಲೇ ಕರಡಿಗೆ ಇತ್ತು.

ಲಿಂಗವನ್ನು ಎಡ ಅಂಗೈಯಲ್ಲಿಟ್ಟಾಗ ಮಹದೇವಯ್ಯನ ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು. ಅವಳು ಲಿಂಗದ ಮೇಲೆ ನೀರೆರೆದಳು. ಅವನು ಆ ನೀರನ್ನು ಮೊದಲು ಕುಡಿದ. ಆಮೇಲೆ ಒಂದು ಲೋಟ, ಇನ್ನೊಂದು ಲೋಟ.

"ದಾರ ಹೊಸದು ಹಾಕವ್ವ," ಎಂದ.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಪುಟ್ಟಸ್ವಾಮಿ ಅವಳ ಸೆರಗು ಜಗ್ಗಿದ.

"ಎಲ್ಲಿತ್ತವ್ವ ಅದು?"

"ನಿಮ್ಮ ತಲೆ ಮೇಲೆ ಭದ್ರವಾಗಿತ್ತು, ಪುಟ್ಟಸ್ವಾಮಣ್ಣ," ಎಂದಳು ಚಿಕ್ಕನಂಜಮ್ಮ.