ನತ್ತಿನ ಪದದ ಎರಡನೇ ಬಾಜು

ಬಸವನ ಬಾಗೇವಾಡಿಯ ಪೇಟೆಯಲ್ಲಿ ನನ್ನ ಸ್ಟೇಷನರಿ ಅಂಗಡಿಗೂ ಗೈಬುಸಾಬನ ಸೌಂಡ್ ಸರ್ವಿಸಿಗೂ ನಡುವೆ ಒಂದೇ ಗೋಡೆ. ಅವನು ಆ ಕಡೆ ರೆಕಾರ್ಡು ಹಚ್ಚಿದರೆ ಈ ಕಡೆ ನನ್ನ ಶಾಯಿ ಬಾಟಲಿಗಳು ನಡುಗುತ್ತವೆ. ಗಿರಾಕಿಗಳು ಕಾಗದ ಬೇಕೆಂದು ಕೈಸನ್ನೆಯಲ್ಲೇ ಕೇಳುತ್ತಾರೆ. ದೇವರು ನೆರೆಹೊರೆ ಹಂಚುವ ದಿನ ನನ್ನ ಮೇಲೆ, ಈ ಪಾಂಡುರಂಗನ ಮೇಲೆ ಏನೋ ಸಿಟ್ಟು ಇಟ್ಟುಕೊಂಡಿದ್ದನೆಂದು ಕಾಣುತ್ತದೆ.

ಹಾಗೆಂದು ಗೈಬುಸಾಬ ಕೆಟ್ಟವನಲ್ಲ. ಮದುವೆ, ಕುಬುಸ, ಸಭೆ ಎಲ್ಲಕ್ಕೂ ಬ್ಯಾಟರಿ, ಆಂಪ್ಲಿಫೈಯರ್, ಎರಡು ಹಾರ್ನು ಹೇರಿಕೊಂಡು ಬಾಡಿಗೆಗೆ ಹೋಗುತ್ತಾನೆ. ಮೈಕು ಕೈಗೆ ಬಂತೆಂದರೆ ಬೀಗರನ್ನು ಹೊಗಳಿ ಅಟ್ಟಕ್ಕೇರಿಸುತ್ತಾನೆ. ಯಾರೊಡನೆಯೂ ಜಗಳವಾಡಿದವನಲ್ಲ, ಜಗಳ ನಡೆಯುವ ಓಣಿಯಲ್ಲಿ ಸೈಕಲ್ ಕೂಡ ಹೊಡೆಯುವವನಲ್ಲ. ಆದರೆ ಎಪ್ಪತ್ನಾಲ್ಕನೇ ಇಸವಿಯಲ್ಲಿ ಅವನಿಗೊಂದು ಹುಚ್ಚು ಹಿಡಿಯಿತು. ಜೋಡೂರ ಗೀಗೀ ಮೇಳದ ರೆಕಾರ್ಡುಗಳನ್ನೆಲ್ಲ ಕೂಡಿಹಾಕಿ, ಯಾವ ಪದ ಯಾವುದು, ಅದರ ಖರೇ ಹೆಸರೇನು, ಹಾಡಿದವರು ಯಾರು ಎಂದು ಒಂದೊಂದರ ಕವರಿನ ಮೇಲೂ ಬರೆಸಿಡುವ ಹುಚ್ಚು. ಬರೆಸಿಡುವ ಎಂದೆ, ನೋಡಿ. ಅವನು ಬರೆದ ಕನ್ನಡ ಅವನಿಗೇ ಓದಲು ಬರುವುದಿಲ್ಲ.

"ಪಾಂಡುರಂಗರಾವ್ರ, ನಿಮ್ಮ ಅಕ್ಷರ ಮುತ್ತಿನಂಗ ಅದಾವ್ರಿ," ಎಂದು ಒಂದು ಮಧ್ಯಾಹ್ನ ಕವರುಗಳ ಕಟ್ಟನ್ನು ನನ್ನ ಗಲ್ಲೆಯ ಮೇಲೆ ಇಟ್ಟ.

"ಬೆಣ್ಣಿ ಹಚ್ಚಬ್ಯಾಡ. ಶಾಯಿ ಯಾರಪ್ಪಂದು?"

"ನಿಮ್ದ ಅಂಗಡಿ ಐತೆಲ್ರಿ," ಎಂದ, ಅಷ್ಟೂ ಹಲ್ಲು ತೋರಿಸಿ.

ಜೋಡೂರ ಮೇಳದ ಕತೆ ಹೇಳದಿದ್ದರೆ ಈ ಹುಚ್ಚು ತಿಳಿಯುವುದಿಲ್ಲ. ಗೊಳಸಂಗಿಯ ರಾಚಪ್ಪ, ಮಸೂತಿಯ ಮಡಿವಾಳಪ್ಪ ಹರೆಯದಲ್ಲಿ ಕೂಡಿ ಕಟ್ಟಿದ ಮೇಳ ಅದು. ಎರಡು ಊರು ಸೇರಿದ್ದರಿಂದ ಜೋಡೂರು. ಒಬ್ಬ ಮುಂದೆ ನಿಂತು ದಪ್ಪು ಬಡಿಯುತ್ತ ಕತೆ ಹಾಡಿದರೆ, ಇನ್ನೊಬ್ಬ ಹಿಂದಿನಿಂದ 'ಗೀಯ ಗೀಯ' ಎಂದು ಎಳೆಯಬೇಕು. ಇಬ್ಬರೂ ಸರದಿಯ ಮೇಲೆ ಮುಂದೆ ಬರುತ್ತಿದ್ದರು. ರಾಜ್ಯ ಒಂದಾಗುವ ಮೊದಲೇ ಮುಂಬೈಗೆ ಹೋಗಿ ರೆಕಾರ್ಡು ಕೊಟ್ಟು ಬಂದರು. ಬಂದವರೇ, ಕರಪತ್ರದಲ್ಲಿ ಯಾರ ಹೆಸರು ಮೊದಲು ಹಾಕಬೇಕೆಂದು ಕಿತ್ತಾಡಿ ಮೇಳ ಒಡೆದರು. ಹೆಸರನ್ನು ಮಾತ್ರ ಯಾರೂ ಬಿಡಲಿಲ್ಲ. ಗೊಳಸಂಗಿಯಲ್ಲೊಂದು ಜೋಡೂರ ಮೇಳ, ಮಸೂತಿಯಲ್ಲೊಂದು ಜೋಡೂರ ಮೇಳ. ಒಂದೇ ಊರೊಳಗೆ ಕುಳಿತು ಜೋಡೂರು! ದಪ್ಪಿನವರು ಬದಲಾದರು, ತುಂತುಣಿ ಮೀಟುವವರು ಬದಲಾದರು, ಇಬ್ಬರೂ ಬೇರೆ ಬೇರೆ ಮತ್ತಷ್ಟು ರೆಕಾರ್ಡು ಕೊಟ್ಟರು. ಕೇಳಿದರೆ ಇಬ್ಬರೂ ಅಸಲಿಯವರೇ.

ಇನ್ನು ಪದಗಳ ಹೆಸರು. ರೆಕಾರ್ಡಿನ ಕಂಪನಿಯವರಿಗೆ ಕನ್ನಡದ ಗಂಧವಿರಲಿಲ್ಲ. ಲೇಬಲ್ಲಿನ ಮೇಲೆ ಗೀಗೀ ಪದ ಭಾಗ ಒಂದು, ಗೀಗೀ ಪದ ಭಾಗ ಎರಡು ಎಂದಷ್ಟೇ ಅಚ್ಚು ಹಾಕಿ ಕೈತೊಳೆದುಕೊಂಡಿದ್ದರು. ಹೆಸರಿಟ್ಟವರು ಕೇಳಿದ ಜನ. ಒಂದು ಪದದಲ್ಲಿ ಜಿಪುಣ ಗಂಡ ಎಮ್ಮೆ ಮಾರಲು ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಾನೆ. ಅದನ್ನು ಇಂಡಿಯಲ್ಲಿ ಎಮ್ಮಿ ಪದ ಎನ್ನುತ್ತಾರೆ, ಸಿಂದಗಿಯಲ್ಲಿ ಜಿಪುಣನ ಪದ ಎನ್ನುತ್ತಾರೆ, ಮುದ್ದೇಬಿಹಾಳದ ಹೆಂಗಸರು ಗಂಡಗ ಬುದ್ಧಿ ಹೇಳಿದ ಪದ ಎನ್ನುತ್ತಾರೆ. ಗೈಬುಸಾಬ ಸಿಂದಗಿಯ ಮೋಡಕಾ ಅಂಗಡಿಯ ಮುರುಕಲು ಸಾಮಾನು ಕೆದಕಿ, ಮುದ್ದೇಬಿಹಾಳದ ಖಾನಾವಳಿಯವನ ಕೈಕಾಲು ಹಿಡಿದು ರೆಕಾರ್ಡು ತಂದ. ತಂದದ್ದಕ್ಕೆಲ್ಲ ಎಲ್ಲ ಊರಿನವರೂ ಒಪ್ಪುವ ಒಂದೇ ಹೆಸರು ಬೇಕಂತೆ.

"ಎಲ್ಲಾರೂ ಒಪ್ಪುವಂಥಾದ್ದು ಈ ಜಗತ್ತಿನ್ಯಾಗ ಏನೈತೋ ಮಾರಾಯ?" ಎಂದೆ.

"ಊಟ ಐತ್ರಿ," ಎಂದ. ಎಮ್ಮೆಯ ಕವರಿನ ಮೇಲೆ ಮೂರೂ ಹೆಸರು ಬರೆದು ಕೊಟ್ಟೆ. ಅವನಿಗೆ ಸಮಾಧಾನವಾಗಲಿಲ್ಲ, ನನಗೆ ಶಾಯಿ ಖರ್ಚಾಯಿತು.

ಹೀಗೆ ಸಾಗುತ್ತ ನತ್ತಿನ ಪದಕ್ಕೆ ಬಂದೆವು. ಮೇಳ ಒಡೆಯುವ ಮೊದಲು ಇಬ್ಬರೂ ಕೂಡಿ ಹಾಡಿದ ಕೊನೆಯ ರೆಕಾರ್ಡು ಅದು. ಒಂದು ಬಾಜುವಿನಲ್ಲಿ ಮುಂದೆ ನಿಂತವನು ರಾಚಪ್ಪ, ಇನ್ನೊಂದು ಬಾಜುವಿನಲ್ಲಿ ಮಡಿವಾಳಪ್ಪ. ಮೇಳ ಒಡೆದ ಮೇಲೆ ಗೊಳಸಂಗಿಯವರು ಮಡಿವಾಳಪ್ಪನ ದನಿ ಊರಲ್ಲಿ ಏಳಗೊಡುವುದಿಲ್ಲ, ಮಸೂತಿಯವರು ರಾಚಪ್ಪನ ದನಿ ಏಳಗೊಡುವುದಿಲ್ಲ. ಸ್ಪೀಕರಿನವರೂ ಹೊಟ್ಟೆಪಾಡಿನ ಜನ. ಆ ಊರಲ್ಲಿ ಆ ಬಾಜು, ಈ ಊರಲ್ಲಿ ಈ ಬಾಜು ಹಚ್ಚಿ ಊಟ ಮಾಡಿಕೊಂಡು ಬರುತ್ತಿದ್ದರು. ಗೈಬುಸಾಬನೂ ಅದೇ ಜಾತಿ. ಗೊಳಸಂಗಿಯಲ್ಲಿ ಆ ಪದದ ಹೆಸರು ನತ್ತು ಕದ್ದ ಸೊಸಿ. ಮಸೂತಿಯಲ್ಲಿ ಅದೇ ಪದ ಬಾವಿಯಾಗಿನ ನತ್ತು.

ಅದು ಕಟ್ಟುಕತೆಯಾಗಿದ್ದರೆ ಕವರಿನ ಮೇಲೆ ಎರಡೂ ಬರೆದು ಮುಗಿಸುತ್ತಿದ್ದೆ. ಆ ಸೊಸೆ ಇದ್ದಾಳೆ. ಹೆಸರು ಸಿದ್ದಲಿಂಗವ್ವ. ಮಸೂತಿ ತವರು, ಗೊಳಸಂಗಿ ಗಂಡನ ಮನೆ. ಮದುವೆಯಾದ ಹೊಸತರಲ್ಲಿ ಅತ್ತೆಯ ಮುತ್ತಿನ ನತ್ತು ಇಟ್ಟುಕೊಂಡು ತವರಿಗೆ ಹೋದವಳು ಬರಿಮೂಗಿನಲ್ಲಿ ತಿರುಗಿ ಬಂದಿದ್ದಳು. ಅಣ್ಣನಿಗೆ ಕೊಟ್ಟು ಬಂದಾಳೆ ಎಂದು ಅತ್ತೆ ಊರೆಲ್ಲ ಡಂಗುರ ಸಾರಿದಳು. ಈಗ ಅತ್ತೆ ಇಲ್ಲ, ಗಂಡನೂ ಇಲ್ಲ. ಮೈದುನ ಶಂಕರೆಪ್ಪನ ಮನೆಯಲ್ಲಿದ್ದಾಳೆ. ಹತ್ತು ಜನರ ಅಡಿಗೆ ಒಬ್ಬಳೇ ಇಳಿಸುವ ಹೆಂಗಸು. ಆದರೆ ಊರಿನ ಯಾವ ಮದುವೆಯಲ್ಲೂ ಬಂಗಾರ ಇಟ್ಟ ಕೋಣೆಯ ಕಡೆಗೆ ಅವಳನ್ನು ಕಳಿಸುವುದಿಲ್ಲ. ಸಂತೆಗೆ ಬಂದಾಗ ನನ್ನ ಅಂಗಡಿಯ ಮುಂದೆಯೇ ಇಬ್ಬರು ಗೊಳಸಂಗಿಯ ಪಡ್ಡೆಗಳು ಅವಳನ್ನು ನೋಡಿ ಆ ಪದದ ಸಾಲು ಗುನುಗಿದ್ದನ್ನು ನಾನೇ ಕೇಳಿದ್ದೇನೆ:

ಅತ್ತಿಯ ನತ್ತ ಇಟ್ಟ ತವರೀಗಿ ಹ್ವಾದಾಕಿ
ಬರಿ ಮೂಗಲೆ ಬಂದಾಳೋ

ಅವಳು ಕೇಳಿಸದವಳ ಹಾಗೆ ಮನೆಯ ಹುಡುಗನಿಗೆ ಬರೆಯುವ ಪಾಟಿ ಆರಿಸುತ್ತ ನಿಂತಳು. ನನಗೆ ಎಂಥ ಸಿಟ್ಟು ಬಂತೆಂದರೆ, ಅಂಗಡಿಯ ರೂಲುಗೋಲು ಹಿಡಿದು ಅವರ ಬೆನ್ನು ಹತ್ತಿದೆ. ಸಿಗಲಿಲ್ಲ, ಹಾಳಾದ ಮೊಣಕಾಲು.

ಕವರಿಗೆ ಹೆಸರು ಬರೆಯಬೇಕಾದರೆ ಪೂರಾ ಕೇಳಲೇಬೇಕೆಂದು ಗೈಬುಸಾಬ ಆ ರೆಕಾರ್ಡಿನ ಎರಡೂ ಬಾಜುಗಳನ್ನು ಮೊದಲ ಬಾರಿಗೆ ಒಂದರ ಹಿಂದೆ ಒಂದು ಹಚ್ಚಿದ. ನಾನೂ ಗೋಡೆ ದಾಟಿ ಹೋಗಿ ಕುಳಿತೆ. ಮೊದಲನೆಯದರಲ್ಲಿ ರಾಚಪ್ಪ ಅತ್ತೆಯ ಬಾಯಿಂದ ಸೊಸೆಯನ್ನು ಕಳ್ಳಿ ಎಂದು ಜಾಡಿಸುತ್ತಾನೆ. ಮೂರು ನಿಮಿಷ ಮುಗಿದು ಅಲ್ಲಿಗೇ ಕಡಿಯುತ್ತದೆ. ಎರಡನೆಯದರಲ್ಲಿ ಮಡಿವಾಳಪ್ಪ ಬರುತ್ತಾನೆ. ಮರುವರ್ಷ ಬೇಸಿಗೆಯಲ್ಲಿ ತವರೂರಿನ ಬಾವಿಯ ಹೂಳು ತೆಗೆಯುತ್ತಾರೆ, ಸೊಸೆ ನೀರು ಸೇದುವಾಗ ಜಾರಿ ಬಿದ್ದಿದ್ದ ನತ್ತು ಬುಟ್ಟಿಯ ಕೆಸರಿನಲ್ಲಿ ಬರುತ್ತದೆ, ಅಣ್ಣ ಅದನ್ನು ತೊಳೆದು ತಂದು ಅತ್ತೆಯ ಕೈಗೆ ಹಾಕುತ್ತಾನೆ. ಅತ್ತೆ ಅದನ್ನು ಸೆರಗಿಗೆ ಕಟ್ಟಿಕೊಂಡು ಬಾಯಿ ಮುಚ್ಚಿಕೊಳ್ಳುತ್ತಾಳೆ. ಸಿದ್ದಲಿಂಗವ್ವನ ಹೆಸರಿಗೆ ಹತ್ತಿದ ಕಳಂಕ ತೊಳೆಯಲಿಕ್ಕೆಂದೇ ಎರಡೂ ಊರಿನ ಗೆಳೆಯರು ಕೂಡಿ ಕಟ್ಟಿದ ಪದ ಅದು. ಗೊಳಸಂಗಿಯವರು ಇಪ್ಪತ್ತು ವರ್ಷ ಅರ್ಧ ಕೇಳಿ ಅವಳನ್ನು ಕಳ್ಳಿ ಮಾಡಿದ್ದರು. ಮಸೂತಿಯವರು ಇನ್ನರ್ಧ ಕೇಳಿ, ನಮ್ಮ ಬಾವಿಯ ಮೇಲೂ ಪದ ಆಗೇತಿ ಎಂದು ಮೀಸೆ ತಿರುವಿದ್ದರು.

ಗೈಬುಸಾಬ ಮುಳ್ಳು ಎತ್ತಲಿಲ್ಲ. ರೆಕಾರ್ಡು ಕೊನೆಯ ಗೆರೆಯಲ್ಲಿ ಕರಕರ ಎನ್ನುತ್ತ ಸುತ್ತುತ್ತಿತ್ತು.

"ಎಷ್ಟ ಮದುವ್ಯಾಗ ಹಚ್ಚೇನ್ರಿ ನಾ ಇದನ್ನ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಆಮೇಲೆ ಎರಡನೇ ಬಾಜುವನ್ನು ಮತ್ತೆ ಹಚ್ಚಿ, ಕಿವಿಯನ್ನು ಡಬ್ಬಿಯೊಳಗೆ ತೂರಿಸುವಷ್ಟು ಬಾಗಿ ಕೇಳಿದ. "ಹಿಂದ ಗೀಯ ಅನ್ನೂದು ಯಾರ ದನಿರಿ ಇದು?"

ನನಗೂ ಗೊತ್ತಾಯಿತು.

ಮುಂದಿನ ಸಂತೆಗೆ ರಾಚಪ್ಪ ಬಂದ. ಹಲ್ಲು ಉದುರಿದ್ದರೂ ತಲೆಯ ಪಟಕಾದ ಗತ್ತು ಇಳಿದಿರಲಿಲ್ಲ. ಗೈಬುಸಾಬ ಚಹಾ ತರಿಸಿ ಕೇಳಿದ, "ರಾಚಪ್ಪನವರ, ನತ್ತಿನ ಪದಕ್ಕ ಖರೇ ಹೆಸರೇನ್ರಿ?"

"ಹೆಸರೇನ ಬಂತೋ? ನತ್ತು ಕದ್ದ ಸೊಸಿ."

"ಕದ್ದಾಳೇನ್ರಿ ಆಕಿ?"

ರಾಚಪ್ಪ ಬಸಿಗೆ ಸುರಿದ ಚಹಾ ಊದಿದ. "ಕತಿ ಮುಂದೈತಿ. ಅದು ಮಡಿವಾಳ್ಯಾನ ಬಾಜು, ನಂದಲ್ಲ."

ಎಲಾ ಮುದುಕಾ! ಇಪ್ಪತ್ತು ವರ್ಷ ಒಂದೇ ಊರಲ್ಲಿ ಅವಳ ಮುಖ ನೋಡುತ್ತ ಇದ್ದವನು, ಗೊತ್ತಿದ್ದೂ, ಬರೀ ಗೆಳೆಯನ ಮೇಲಿನ ಹಟಕ್ಕೆ! ನನ್ನ ನಾಲಿಗೆಯ ತುದಿಗೆ ಏನೇನೋ ಬಂತು. ಗೈಬುಸಾಬ ನನ್ನ ಅಂಗಿ ಜಗ್ಗಿ ಸುಮ್ಮನೆ ಕೂರಿಸಿದ. ಆ ಕವರನ್ನು ಖಾಲಿ ಬಿಟ್ಟೆವು.

ಬೇಸಿಗೆಯಲ್ಲಿ ಶಂಕರೆಪ್ಪನ ಮಗಳ ಮದುವೆ ಬಂತು. ಸೌಂಡು ಗೈಬುಸಾಬನದು. ನನಗೂ ಲಗ್ನಪತ್ರ ಬಂದಿತ್ತು, ಗೊಳಸಂಗಿಗೆ ಹೋಗಿ ಬೇವಿನ ಗಿಡದ ಕೆಳಗೆ ಅವನ ಮೇಜಿನ ಪಕ್ಕ ಕುಳಿತೆ. ಅಕ್ಷತೆ ಬಿದ್ದು ಮೊದಲ ಪಂಕ್ತಿ ಕುಳಿತಿತ್ತು, ರಾಚಪ್ಪನೂ ಅದರಲ್ಲಿದ್ದ. ಮದುಮಗಳ ದೊಡ್ಡವ್ವನಾದ ಸಿದ್ದಲಿಂಗವ್ವ ನಸುಕಿನಿಂದ ಹೋಳಿಗೆ ಬೇಯಿಸಿ, ಈಗ ತುಪ್ಪದ ತಂಬಿಗೆ ಹಿಡಿದು ಬಡಿಸುತ್ತಿದ್ದಳು. ಹುಡುಗಿಗೆ ಒಡವೆ ಇಟ್ಟವರು ಮಾತ್ರ ಬೇರೆಯವರು. ಪಂಕ್ತಿಯಿಂದ ಯಾವನೋ ಪುಂಡ, "ಗೈಬೂ, ನತ್ತಿನ ಪದ ಹಚ್ಚೋ!" ಎಂದು ಕೂಗಿದ. ನಾಲ್ಕು ಜನ ಕಿಸಕ್ಕೆಂದರು. ಶಂಕರೆಪ್ಪ ಕೇಳಿಸದವನಂತೆ ನೀರು ಬಡಿಸಲು ಹೇಳಿದ.

ಗೈಬುಸಾಬ ಹಚ್ಚಿದ. ಅವನ ಕುತ್ತಿಗೆ ಹಿಸುಕಬೇಕೆನಿಸಿತು ನನಗೆ. ರಾಚಪ್ಪನ ದನಿ ಎರಡು ಹಾರ್ನಿನಿಂದ ಊರ ಮೇಲೆ ಬಿತ್ತು. ಸಿದ್ದಲಿಂಗವ್ವ ತಲೆ ಎತ್ತದೆ ತುಪ್ಪ ಬಡಿಸಿದಳು. ಬಾಜು ಮುಗಿಯಿತು. ಆಗ ಗೈಬುಸಾಬ ಮೈಕು ಹಿಡಿದು, ತನ್ನ ಮದುವೆಮನೆಯ ದನಿಯಲ್ಲಿ, "ಗೊಳಸಂಗಿ ರಾಚಪ್ಪನವರು ಹಾಡಿರುವ ಇದೇ ಪದದ ಎರಡನೇ ಭಾಗ, ಕೇಳಿರಿ," ಎಂದು ಸಾರಿ ರೆಕಾರ್ಡು ಮಗುಚಿದ.

ಮಡಿವಾಳಪ್ಪನ ದನಿ ಏಳುತ್ತಲೂ ಪಂಕ್ತಿ ಕೆರಳಿತು. "ತಗಿಯೋ ಅದನ್ನ!" "ಮಸೂತಿಯಾವನ ಪದ ಇಲ್ಲಿ ಯಾಕೋ?" ಒಬ್ಬ ಎಂಜಲು ಕೈಯಲ್ಲೇ ಎದ್ದು ಮೇಜಿನ ಕಡೆ ಬಂದ. ಜೀವಮಾನದಲ್ಲಿ ಯಾರಿಗೂ ಎದುರಾಡದ ಗೈಬುಸಾಬ ರೆಕಾರ್ಡಿಗೆ ಅಡ್ಡ ನಿಂತುಬಿಟ್ಟ. ಮೈಕನ್ನೂ ಬಿಡಲಿಲ್ಲ.

"ಹಿಂದಿನ ದನಿ ಕೇಳ್ರಿ! ಗೀಯ ಗೀಯ ಅನ್ನಾವ್ರು ರಾಚಪ್ಪನವರು ಅದಾರ. ನಿಮ್ಮೂರ ಹಿರೇರ ದನಿ ನೀವ ಬಂದ್ ಮಾಡ್ತೀರೇನು? ಮಾಡ್ರಿ ಹಂಗಾದ್ರ!"

ಎದ್ದವನು ನಿಂತ. ಎಲ್ಲರೂ ರಾಚಪ್ಪನ ಕಡೆ ನೋಡಿದರು. ಮುದುಕ ಹೋಳಿಗೆಯ ತುಂಡನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ಹೊರಳಿಸಿದ. ನುಂಗಲಾರ, ಉಗುಳಲಾರ. ಹಾರ್ನಿನಲ್ಲಿ ಅವನದೇ ಹರೆಯದ ದನಿ ಗೆಳೆಯನ ಬೆನ್ನ ಹಿಂದೆ ನಿಂತು ಎಳೆಯುತ್ತಿತ್ತು. ಕೊನೆಗೆ ಅವನೆಂದ, "ನಂದ ಐತಿ. ಕುಂದರ್ರಿ, ಕೇಳ್ರಿ."

ಕೇಳಿದರು.

ಹೂಳ ತಗಿವಾಗ ಬಾವ್ಯಾಗ ಸಿಕ್ಕೀತೋ ನತ್ತ
ಸುಳ್ಳ ಆಡಿದ ಬಾಯಿ ಹೋದಾವೋ ಎತ್ತ

ಕಿಸಕ್ಕೆಂದಿದ್ದ ನಾಲ್ವರು ಎಲೆ ನೋಡುತ್ತ ಕುಳಿತರು. ಹೆಂಗಸರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಸಿದ್ದಲಿಂಗವ್ವ ಪಂಕ್ತಿಯ ನಟ್ಟನಡುವೆ ತಂಬಿಗೆ ಹಿಡಿದು ನಿಂತೇ ಇದ್ದಳು. ಅಣ್ಣ ನತ್ತು ತಂದದ್ದು ಅವಳಿಗೆ ಗೊತ್ತಿತ್ತು, ಆದರೆ ಕಳ್ಳಿ ಎನಿಸಿಕೊಂಡ ಮೇಲೆ ತವರಿಗೆ ಕಾಲಿಡದ ಅವಳಿಗೂ ಪದದಲ್ಲಿ ಹೀಗೊಂದು ಬಾಜು ಇದೆಯೆಂದು ಯಾರೂ ಹೇಳಿರಲಿಲ್ಲ. ಪದ ಮುಗಿದ ಮೇಲೂ ಯಾರೂ ತುತ್ತು ಎತ್ತಲಿಲ್ಲ. ಶಂಕರೆಪ್ಪ ಅತ್ತಿಗೆಯ ಎದುರು ಬಂದು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಗೈಬುಸಾಬ ಖಾಲಿ ಕವರು ಹಿಡಿದುಕೊಂಡು ಅವಳ ಹತ್ತಿರ ಹೋದ. "ಅಕ್ಕಾರ, ಇದಕ್ಕ ಹೆಸರ ಬರಸೂದೈತ್ರಿ. ನೀವ ಹೇಳ್ರಿ, ಏನ ಬರಸ್ಲಿ?"

ಸಿದ್ದಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ನೋಡಿದಳು.

"ಹೆಸರ ಏನರ ಬರಸೋ ತಮ್ಮಾ. ಮೊದಲ್ನೇ ಬಾಜು ಇವರಿಗೆಲ್ಲಾ ಬಾಯಿಪಾಠ ಐತಿ. ಇನ್ನ ಇಪ್ಪತ್ತ ವರ್ಷ ಎರಡನೇದ ಹಚ್ಚು."