ನಾಟಿ ಆಯ್ತಾ?

ಬೀಜದ ಪ್ಯಾಕೆಟ್ಟಿನ ಮೇಲೆ ‘ತಲೆಮಾರುಗಳಿಂದ ಬಂದ ತಳಿ’ ಎಂದು ಅಚ್ಚಾಗಿತ್ತು. ಯಾರ ತಲೆಮಾರು? ಎದುರಾಳಿಯ ಮೊದಲ ವಾಕ್ಯಕ್ಕೇ ಕೈ ಹಾಕುವುದು ಕಾಲೇಜಿನ ಚರ್ಚಾ ಸ್ಪರ್ಧೆಗಳಿಂದ ಬಂದ ಅಭ್ಯಾಸ. ಆದರೆ ಶಿಡ್ಲಘಟ್ಟದ ಈ ಮಹಡಿಯ ಕೋಣೆಯಲ್ಲಿ ಎದುರಾಳಿಯೇ ಇರಲಿಲ್ಲ. ಕೆಲಸಕ್ಕೆಂದು ಬಂದು ಒಂದು ಮಳೆಗಾಲ ಕಳೆದಿತ್ತು. ನನ್ನೊಡನೆ ಮಾತಾಡುತ್ತಿದ್ದವನು ಹಾಲಿನವನೊಬ್ಬನೇ, ಅದೂ ಹಾಲಿನ ಬಗ್ಗೆ. ಸರಿ, ಪ್ಯಾಕೆಟ್ಟಿನ ಜೊತೆಗೇ ವಾದಕ್ಕೆ ಇಳಿದೆ. ಬಿತ್ತಿ ನೋಡೋಣ.

ಪ್ಯಾಕೆಟ್ಟಿನಲ್ಲಿದ್ದದ್ದು ಕೇಲ್ ಬೀಜ. ಕೇಲ್ ಅಂದರೆ ಎಲೆಕೋಸಿನ ದಾಯಾದಿ, ಗಡ್ಡೆ ಕಟ್ಟದೆ ಎಲೆಯಾಗಿಯೇ ಉಳಿಯುವ ಸೊಪ್ಪು. ನನ್ನದು ರಷ್ಯಾ ಕಡೆಯದಂತೆ. ನೇರಳೆ ದಂಟು, ಅಂಚು ಹರಿದಂಥ ಎಲೆ. ಹಳೆಯ ಕ್ರೇಟಿನಲ್ಲಿ ಸಸಿಗಳೆದ್ದ ಮೇಲೆ ಒಂದು ಬೆಳಗ್ಗೆ ಕೆಳಮನೆಯ ಅಜ್ಜಿ ಮೆಟ್ಟಿಲ ಬುಡದಿಂದ ಕೂಗಿದರು.

“ಏನ್ ನಾಯ್ನಾ, ನಾಟಿ ಆಯ್ತಾ?”

ನಾಟಿ ಕೋಳಿ ಅನ್ನುತ್ತಾರಲ್ಲ, ಆ ನಾಟಿ ಎಂದುಕೊಂಡು ಶುರುಹಚ್ಚಿದೆ. ಇದು ನಾಟಿ ಅಲ್ಲ, ಹೊರಗಿನದು. ಆದರೆ ಟೊಮೆಟೊ, ಮೆಣಸಿನಕಾಯಿಯೂ ಹೊರಗಿನವೇ. ಹಾಗಾದರೆ ಒಂದು ಗಿಡ ಊರಿನದಾಗುವುದು ಯಾವಾಗ?

“ಅಯ್ಯೋ ಬಿಡಪ್ಪಾ! ಪೈರು ಕಿತ್ತು ಕುಂಡಕ್ಕೆ ನೆಟ್ಟಿದ್ದಾಯ್ತಾ ಅಂದೆ. ಇಷ್ಟುದ್ದ ಯಾರ್ ಕೇಳಿದ್ರು ನಿನ್ನ?” ಎಂದು ನಕ್ಕರು. ಹೋಗುವಾಗ ತಿರುಗಿ, “ಬೀಜ ಆದ್ರೆ ನಂಗೂ ಒಂದ್ ಹಿಡಿ ಕೊಡು. ಬೇಸಿಗೇಲಿ ಗೌರಿಬಿದನೂರಿಗೆ, ಮಗಳ ಮನೆಗೆ ಹೋಗ್ಬಿಡ್ತೀನಿ. ಅಲ್ಲಿ ಹಿತ್ತಲಿದೆ” ಎಂದರು.

ಈ ಊರಲ್ಲಿ ಯಾರಾದರೂ ನನ್ನಿಂದ ಏನಾದರೂ ಬೇಕೆಂದದ್ದು ಅದೇ ಮೊದಲು.

ಆಮೇಲೆ ದಿನಾ ಬೆಳಗ್ಗೆ, “ಹೂ ಬಂತಾ?”

“ಇಲ್ಲ ಅಜ್ಜಿ.”

“ನಿನ್ ಥರ ಬಾಯಿ ಇದ್ದಿದ್ರೆ ಆ ಗಿಡ ಕಾರಣಾನಾದ್ರೂ ಹೇಳ್ತಿತ್ತು.”

ಕಾರಣ ನಾನು ಓದಿದ್ದೆ. ಹೂ ಬಿಡಲು ಅದಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ನಮ್ಮ ಧನುರ್ಮಾಸದ ಚಳಿಗೆ ದಂಟಿನ ನೇರಳೆ ಗಾಢವಾಯಿತು, ಅಷ್ಟೆ.

ಶಿವರಾತ್ರಿ ಕಳೆದ ಮೇಲೆ ಅಜ್ಜಿಯ ಬಾಗಿಲಲ್ಲಿ ಕಟ್ಟಿಟ್ಟ ಚೀಲ ಕಂಡಿತು. ಪ್ಯಾಕೆಟ್ಟಿನಲ್ಲಿ ಉಳಿದ ಬೀಜವನ್ನೇ ಕೊಡಬಹುದಿತ್ತು. ಆದರೆ ಅದು ಅಂಗಡಿಯದು, ಅವರು ಕೇಳಿದ್ದು ನನ್ನ ಗಿಡದ್ದು.

“ಬೀಜ ಆಗ್ಲಿಲ್ಲ ಅಜ್ಜಿ.” ಕಾರಣಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು.

“ಸೊಪ್ಪಾದ್ರೂ ಕಿತ್ಕೊಡು. ಬಸ್ಸಾರು ಮಾಡ್ತೀನಿ.”

ಕಾರಣ ಕೇಳಲಿಲ್ಲ. ಸೊಪ್ಪಿನ ಕಟ್ಟು ಹಿಡಿದು ಆಟೋ ಹತ್ತಿದರು. ಕೆಳಮನೆಗೆ ಬೀಗ ಬಿತ್ತು.

ಉಳಿದ ಬೀಜವನ್ನು ಮತ್ತೆ ಬಿತ್ತಿದೆ. ಇವೂ ಹೂ ಬಿಡುವುದಿಲ್ಲವೆಂದು ಗೊತ್ತು. ನಿನ್ನೆ ಸಸಿಗಳನ್ನೆಲ್ಲ ಕುಂಡಕ್ಕೆ ನೆಟ್ಟು, ಕೈ ತೊಳೆದು, ಮೆಟ್ಟಿಲ ತುದಿಯಲ್ಲಿ ನಿಂತು, ಕೆಳಮನೆಯ ಕಡೆಗೆ “ಆಯ್ತು” ಎಂದೆ.