ರೆಕ್ಕೆಯ ವಜ್ರ, ಅತ್ತೆಯ ತೊಗರಿ

ನಮ್ಮ ಗೈಡ್ ಸಾಹೇಬರಿಗೆ ಇದ್ದದ್ದು ಒಂದೇ ಆಸೆ. ಸಾಯುವುದರೊಳಗೆ ಯಾವುದಾದರೊಂದು ಹೊಸ ಕಣಜ ಕೀಟಕ್ಕೆ ತಮ್ಮ ಹೆಸರು ಅಂಟಬೇಕು. ಮಕ್ಕಳಿಬ್ಬರಿಗೂ ಹೆಂಡತಿಯ ಕಡೆಯವರೇ ಹೆಸರಿಟ್ಟಿದ್ದ ನೋವು ಅದರಲ್ಲಿ ಸೇರಿದ್ದರೂ ಸೇರಿರಬಹುದು.

ನನ್ನ ಪಿಎಚ್‌ಡಿ ನಡೆದಿದ್ದು ತೊಗರಿಯ ಹುಳವನ್ನು ಕೊಲ್ಲುವ ಸಣ್ಣ ಕಣಜಗಳ ಮೇಲೆ. ಈ ಕಣಜ ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿಂದಲೇ ಹುಳವನ್ನು ತಿಂದು ಮುಗಿಸಿ, ಹೊರಬಂದು ಅಕ್ಕಿಕಾಳಿನಂಥ ಗೂಡು ಕಟ್ಟುತ್ತದೆ. ಭಾಲ್ಕಿ, ಔರಾದದ ಹೊಲಗಳಿಂದ ಇಂಥ ಗೂಡು ಆರಿಸಿ ತಂದು ಬೀದರಿನ ಲ್ಯಾಬಿನಲ್ಲಿ ಬಾಟಲಿಗೆ ಹಾಕುತ್ತಿದ್ದೆ. ಹೊರಬಂದ ಕಣಜಗಳಲ್ಲಿ ಎರಡು ಜಾತಿ. ಬರಿಗಣ್ಣಿಗೆ ಎರಡೂ ಒಂದೇ. ಸೂಕ್ಷ್ಮದರ್ಶಕದಡಿ ಮಾತ್ರ ಒಂದರ ರೆಕ್ಕೆಯ ನಡುವೆ ವಜ್ರದಾಕಾರದ ದೊಡ್ಡ ಕೋಣೆ ಕಾಣುತ್ತಿತ್ತು. ಸಾಹೇಬರು ಆ ವಜ್ರ ನೋಡಿದ್ದೇ ತಡ, "ಹೊಸ ಜಾತಿ! ರೈತನ ಹೊಸ ಮಿತ್ರ!" ಎಂದು ಪೇಢೆ ಹಂಚಿದರು. ವಜ್ರವಿಲ್ಲದ ಬಡಪಾಯಿಗಳನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿದೆವು, ವಜ್ರದವುಗಳಿಗೆ ಜೇನು ಕುಡಿಸಿದೆವು.

ಅವುಗಳನ್ನು ಬಿಡಲು ನಾನು ಆರಿಸಿದ್ದು ಡಾಬಕಾದಲ್ಲಿದ್ದ ನನ್ನ ಸೋದರತ್ತೆಯ ಹೊಲ. ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದ ಅತ್ತೆ ನಿವೃತ್ತಿಯಾದ ಮೇಲೆ ತೊಗರಿ ಹಾಕುತ್ತಿದ್ದಳು. ನನ್ನ ಮಾತು ನಂಬಿ ಆ ವರ್ಷ ಹುಳಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಸಿರಲಿಲ್ಲ. ನಾನು ತಂದ ಕಣಜಗಳ ಡಬ್ಬಿ ನೋಡಿದವಳೇ ಕೇಳಿದಳು:

"ಇವು ಹೊರಗ ಬಂದ ಖಾಲಿ ಗೂಡು ತಂದೀಯೇನ?"

ತೋರಿಸಿದೆ. ಕನ್ನಡಕ ಏರಿಸಿ ಒಂದೊಂದನ್ನೇ ತಿರುಗಿಸಿ ನೋಡಿದಳು.

"ಡಬ್ಬಿ ತೆರಿಬ್ಯಾಡವ್ವಾ. ಇವು ಗೂಡಿನ ಮಾಲಕ ಅಲ್ಲ. ಮಾಲಕ ತುದಿಗಿ ಮುಚ್ಚಳ ಕೊಯ್ದು ಹೊರಗ ಬರ್ತದ. ಇವು ಬಾಜೂಕ ಹರಕ ತೂತ ಮಾಡ್ಯಾವ. ಒಳಗಿದ್ದ, ಹುಳಾ ಕೊಲ್ಲೋ ಮಾಲಕನ್ನ ತಿಂದು ಬಂದಾವ. ಹೋದ ವರ್ಷ ಇಂಥ ತೂತ ಹೆಚ್ಚಾದವು, ಹುಳಾನೂ ಹೆಚ್ಚಾದವು."

"ಅತ್ತಿ, ಇದು ಸೈನ್ಸ್ ಅದರಿ."

"ನಾ ಎಲ್ಲಿ ಕೀರ್ತನಿ ಅಂದೇನಿ?"

ಎರಡು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ತೇದವಳು ನಾನು. ನನಗೆ ಪಾಠ ಹೇಳಲು ಇವಳು ಯಾರು? ಮುಚ್ಚಳ ತೆಗೆದೆ.

ಮೂರು ವಾರದ ನಂತರ ಹೋದರೆ, ತುದಿಯಲ್ಲಿ ಮುಚ್ಚಳ ಕೊಯ್ದ ಗೂಡು ಒಂದೂ ಸಿಗಲಿಲ್ಲ, ತೆರೆದವೆಲ್ಲ ಪಕ್ಕದಲ್ಲಿ ಹರಕು ತೂತಿನವೇ. ಹುಳಗಳು ಕಾಯಿಯೊಳಗೆ ತಲೆ ತೂರಿಸಿ, ಹಿಂಭಾಗ ಹೊರಗೆ ಬಿಟ್ಟು, ಬೀಗರ ಮನೆಯಲ್ಲಿ ಕೂತಂತೆ ಉಣ್ಣುತ್ತಿದ್ದವು. ಎಣ್ಣೆ ಹೊಡೆಸುವ ಹೊತ್ತೂ ಮೀರಿತ್ತು. ಅರ್ಧಕ್ಕಿಂತ ಹೆಚ್ಚು ತೊಗರಿ ಹೋಯಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು.

ಬೀದರಿಗೆ ಬಂದು, ಅವಳ ಹೊಲದಿಂದ ತಂದ ಇನ್ನೂ ತೂತಾಗದ ಗೂಡುಗಳನ್ನು ಸೀಳಿದೆ. ಒಳಗೆ ನಮ್ಮ ವಜ್ರದ ಮರಿ. ಪಕ್ಕದಲ್ಲಿ ಅದು ತಿಂದುಳಿಸಿದ ಮಾಲೀಕನ ಸಿಪ್ಪೆ. ಜಾತಿಯೂ ಹೊಸದಲ್ಲ, ಹಳೆಯ ಪುಸ್ತಕದಲ್ಲಿ ಚಿತ್ರದ ಸಮೇತ ಇತ್ತು. ಸಾಹೇಬರು ಒಂದು ದಿನ ರಜೆ ಹಾಕಿದರು. ಮರುದಿನ ಬಂದು, "ಮಿತ್ರ ಅಲ್ಲಂದ್ರ ಏನಾತು? ಶತ್ರುವಿನ ಮ್ಯಾಲೂ ಥೀಸಿಸ್ ಆಗ್ತದ" ಅಂದರು. ಗೂಡಿನ ತೂತು ನೋಡಿ ಜಾತಿ ಗುರುತಿಸುವ ವಿಧಾನವೇ ನನ್ನ ಥೀಸಿಸ್ಸಿನ ಮುಖ್ಯ ಅಧ್ಯಾಯವಾಯಿತು.

ವೈವಾ ದಿನ ಅತ್ತೆ ಹೊಸ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹೊರಗಿನಿಂದ ಬಂದ ಪರೀಕ್ಷಕರಿಗೆ ಆ ಅಧ್ಯಾಯ ಬಹಳ ಹಿಡಿಸಿತ್ತು. ಈ ತೂತಿನ ವಿಚಾರ ಮೊದಲು ಯಾರಿಗೆ ಹೊಳೆಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸಾಹೇಬರತ್ತ ಕೈ ತೋರಿಸಿದೆ. ಅವರು ವಿನಯದಿಂದ ತಲೆ ತಗ್ಗಿಸಿದರು. ಅಷ್ಟರಲ್ಲಿ ಅವರೂ ಅದನ್ನು ನಂಬಿಬಿಟ್ಟಿದ್ದರೆಂದು ಕಾಣುತ್ತದೆ. ಡಾಕ್ಟರರ ಇಂಗ್ಲಿಷ್ ಕೇಳಿ ಕೇಳಿ ಹಣ್ಣಾದ ಅತ್ತೆಗೆ ಎಲ್ಲ ತಿಳಿದಿತ್ತು. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು. ನಾನು ಅವಳ ಕಡೆ ನೋಡಲಿಲ್ಲ.

ಹೊರಗೆ ಬಂದ ಮೇಲೆ ಅತ್ತೆ ಥೀಸಿಸ್ ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹಾಳೆ ತಿರುವುತ್ತ ಹೋದಳು.

"ಹೆಸರ ಬಿಡು," ಅಂದಳು. "ನನ್ನ ತೊಗರಿ ಹಾಳಾದದ್ದು ಯಾವ ಪುಟದಾಗ ಅದ?"

ಯಾವ ಪುಟದಲ್ಲೂ ಇರಲಿಲ್ಲ.